ಬಸವಂತರಾಯರ ಇಂಜಿನ್ ಕುಡಿದದ್ದು

ಶಹಾಬಾದಿನ ಬಸವಂತರಾಯರಿಗೆ ಚಹಾ ಮಾಡಲು ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಮೇಲು. ಮುಂದೆ ಆದ ರಾದ್ಧಾಂತಕ್ಕೆ ಓಣಿಯವರು ಫಿಟ್ಟರ್ ಬಾಬುಮಿಯಾನನ್ನು ಬೈದರು, ಕಟುಕರ ಖಾಜಾನನ್ನು ಬೈದರು. ಸುಲೇಪೇಟೆಯಿಂದ ಓಡಿಬಂದ ಭಾವಮೈದುನನಂತೂ ನಿಜಾಮ ಸರಕಾರವನ್ನೇ ಬೈಯಲು ಬಾಯಿ ತೆರೆದು, ಅಕ್ಕಪಕ್ಕ ನೋಡಿ ಸುಮ್ಮನಾದ. ಆದರೆ ಬುಡ ಹುಡುಕುತ್ತ ಹೋದರೆ ಕೈಗೆ ಸಿಗುವುದು ಒಂದು ಲೋಟ ಚಹಾ ಮಾತ್ರ.

ರಾಯರು ಅಂದಕೂಡಲೇ ಯಾರೋ ದೊಡ್ಡ ಕುಳ ಅಂದುಕೊಳ್ಳಬೇಡಿ. ಹೆಸರಿನಲ್ಲಿ ಇದ್ದ ರಾಯತನ ಮನೆಯಲ್ಲಿ ಇರಲಿಲ್ಲ. ನೆಲಕ್ಕೆ ಹಾಸುವ ಫರಸಿಕಲ್ಲಿನ ವ್ಯಾಪಾರಿಯೊಬ್ಬರ ಹತ್ತಿರ ಅವರು ಗುಮಾಸ್ತೆ. ಗಣಿಯಿಂದ ಬಂದ ಕಲ್ಲನ್ನು ಅಂಗೈಯಿಂದ ಸವರಿ ಸಮ ಇದೆಯೋ ಉಬ್ಬಿದೆಯೋ ಹೇಳುವುದು, ರೈಲಿಗೆ ಹೇರಿಸುವುದು, ಇಷ್ಟೇ ಕೆಲಸ. ಹೆಂಡತಿ ಶಿವಕಾಂತಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಊಟಕ್ಕೆ ಖಾನಾವಳಿ ಇತ್ತು, ಚಹಾಕ್ಕೆ ಸ್ಟೇಷನ್ನಿನ ಹೋಟೆಲು ಇತ್ತು. ಆದರೆ ಸಂಜೆ ಕೆಲಸ ಮುಗಿಸಿ, ಮೆಟ್ಟು ಬಿಟ್ಟು, ಸ್ವಂತ ಮನೆಯ ಗೋಡೆಗೆ ಬೆನ್ನು ಕೊಟ್ಟು ಕುಡಿಯುವ ಚಹಾ ಬೇರೆಯೇ. ಅದು ಶಿವಕಾಂತಮ್ಮನ ಜೊತೆಗೇ ಹೋಗಿತ್ತು. ತಾವೇ ಮಾಡಿಕೊಳ್ಳಲು ಹೋದರೆ ಒಂದು ದಿನ ಹಾಲು ಒಡೆಯುವುದು, ಇನ್ನೊಂದು ದಿನ ಪಾತ್ರೆಯೇ ಸುಡುವುದು. ಹಾಗಾಗಿ ರಾಯರು ಸಂಜೆ ಮನೆಗೆ ಬರುವುದನ್ನೇ ತಡಮಾಡುತ್ತಿದ್ದರು. ಬೀಗ ತೆಗೆದು ಒಳಗೆ ಬಂದರೆ ಮಾತಾಡಿಸುವವರು ಯಾರೂ ಇಲ್ಲ. ಇದ್ದ ಒಂದು ಹಲ್ಲಿ ಕೂಡ ಅವರನ್ನು ಕಂಡರೆ ತೊಲೆಯ ಸಂದಿಗೆ ಸೇರುತ್ತಿತ್ತು.

ಹೀಗಿರುವಾಗ ಸಿಮೆಂಟ್ ಕಾರ್ಖಾನೆಯ ಸಾಹೇಬನೊಬ್ಬ ವಿಲಾಯತಿಗೆ ಹೊರಟ. ಅವನ ಸಾಮಾನೆಲ್ಲ ಬಂಗಲೆಯ ಮುಂದೆ ಹರಾಜಿಗೆ ಬಂತು. ಕುರ್ಚಿ, ಕನ್ನಡಿ, ಒಂದು ಜಿಂಕೆಯ ತಲೆ, ಇವುಗಳ ನಡುವೆ ಮೇಜಿನ ಮೇಲೆ ಹಿತ್ತಾಳೆಯ ವಸ್ತುವೊಂದು ಥಳಥಳ ಹೊಳೆಯುತ್ತಿತ್ತು. ಅಡ್ಡ ಮಲಗಿಸಿದ ಚೆಂಬಿನಂಥ ಹೊಟ್ಟೆ. ಹೊಟ್ಟೆಯ ಕೆಳಗೆ ಸ್ಪಿರಿಟ್ ದೀಪ. ಪಕ್ಕದಲ್ಲಿ ಒಂದು ಚಕ್ರ, ಒಂದು ಸಣ್ಣ ಕೊಳವಿ. ರಾಯರು ಮೂರು ಸಲ ಸುತ್ತು ಹಾಕಿ ಗಂಭೀರವಾಗಿ ತೀರ್ಮಾನಕ್ಕೆ ಬಂದರು. ಹೊಟ್ಟೆ ಇರುವುದು ನೀರಿಗೆ, ದೀಪ ಇರುವುದು ಕುದಿಸಲಿಕ್ಕೆ, ಚಕ್ರ ಇರುವುದು ಸಕ್ಕರೆ ಕದಡಲಿಕ್ಕೆ, ಕೊಳವಿ ಇರುವುದು ಲೋಟಕ್ಕೆ ಬಗ್ಗಿಸಲಿಕ್ಕೆ. ಬೆಳಗಿನಿಂದ ರಾತ್ರಿವರೆಗೆ ಚಹಾ ಕುಡಿಯುವ ಸಾಹೇಬರು ಚಹಾಕ್ಕೊಂದು ಯಂತ್ರ ಮಾಡದೆ ಬಿಟ್ಟಾರೆಯೇ? ಬೇರೆ ಯಾರೂ ಅದನ್ನು ಕೇಳಲಿಲ್ಲ. ರಾಯರು ಅದನ್ನು ಧೋತರದ ಚುಂಗಿನಲ್ಲಿ ಮುಚ್ಚಿಕೊಂಡು ಮನೆಗೆ ತಂದರು.

ಅಂದು ಸಂಜೆ ಅವರು ಮುಚ್ಚಳದ ತಿರುಪು ತೆಗೆದು ನೀರು, ಹಾಲು, ಸಕ್ಕರೆ, ಚಹಾಪುಡಿ ಎಲ್ಲವನ್ನೂ ಶಿವಕಾಂತಮ್ಮ ಹಾಕುತ್ತಿದ್ದ ಹಾಗೆ ಒಂದೊಂದಾಗಿ ಹಾಕಿದರು. ತಿರುಪು ಬಿಗಿ ಮಾಡಿದರು. ದೀಪ ಹಚ್ಚಿ, ಕೊಳವಿಯ ಕೆಳಗೆ ಲೋಟ ಹಿಡಿದು, ಚಕ್ಕಳಮಕ್ಕಳ ಹಾಕಿ ಕುಳಿತರು. ಮೊದಲು ಗುಳುಗುಳು ಅಂತು. ಆಮೇಲೆ ಚಕ್ರ ಒಮ್ಮೆ ಅಲುಗಿತು, ಎರಡು ಸಲ ಅಲುಗಿತು, ಆಮೇಲೆ ದೆವ್ವ ಹಿಡಿದಂತೆ ತಿರುಗತೊಡಗಿತು. ಕೊಳವಿ ಲೋಟವನ್ನು ಬಿಟ್ಟು ರಾಯರ ಎದೆಗೇ ಚಹಾ ಉಗುಳಿತು. ಮೇಲಿದ್ದ ಶೀಟಿ ಸ್ಟೇಷನ್ನಿನವರೆಗೂ ಕೇಳುವ ಹಾಗೆ ಕೂಗಿತು.

ಪಕ್ಕದ ಮನೆಯ ಮಾಣಿಕಮ್ಮ ರೊಟ್ಟಿ ಬಡಿಯುತ್ತಿದ್ದವಳು, ರಾಯರ ಮನೆಗೆ ಬೆಂಕಿ ಬಿತ್ತೆಂದು ಕೊಡ ಎತ್ತಿಕೊಂಡು ಓಡಿಬಂದಳು. ವಯಸ್ಸಾದ ಹೆಂಗಸು, ಕಣ್ಣು ಸ್ವಲ್ಪ ಮಂದ. ಹೊಗೆ ಎಲ್ಲಿ ಕಂಡಿತೋ ಅಲ್ಲಿಗೆ ಎರಚಿದಳು. ಯಂತ್ರದ ಮೇಲೆ ಒಂದು ಹನಿಯೂ ಬೀಳಲಿಲ್ಲ, ರಾಯರು ಪೂರ್ತಿ ತೊಯ್ದರು. ಅವಳ ಹಿಂದೆ ಇಡೀ ಓಣಿ ಬಂತು. ಶಿವಕಾಂತಮ್ಮನನ್ನು ಮಣ್ಣು ಮಾಡಿದ ದಿನ ಬಿಟ್ಟರೆ ಆ ಪಡಸಾಲೆಯಲ್ಲಿ ಅಷ್ಟು ಜನ ಸೇರಿರಲಿಲ್ಲ. ಓಣಿಯ ಜಂಗಮರಾದ ಗುರುಲಿಂಗಯ್ಯನವರು ಜನರನ್ನು ಸರಿಸಿ ಮುಂದೆ ಬಂದು, ತಿರುಗುತ್ತಿದ್ದ ಚಕ್ರವನ್ನೂ ಮೈಯಿಂದ ಚಹಾ ತೊಟ್ಟಿಕ್ಕುತ್ತಿದ್ದ ರಾಯರನ್ನೂ ನೋಡಿ, ಇದೇನೆಂದು ಕೇಳಿದರು.

ಚಹಾದ ಯಂತ್ರ ಅಂತ ತಂದೆ, ಮೋಸ ಹೋದೆ ಎಂದು ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮನುಷ್ಯ ಒದ್ದೆಯಾಗಿರುವಾಗ ಮಾನ ಉಳಿಸಿಕೊಳ್ಳುವ ಆಸೆ ಹೆಚ್ಚು. ರಾಯರು ಮೀಸೆಯ ಮೇಲಿದ್ದ ಚಹಾಪುಡಿ ಒರೆಸಿಕೊಂಡರು.

"ಇಂಜಿನ್ ಅದರಿ ಅಯ್ಯೋರ. ರೈಲ್ ಇಂಜಿನ್ದು ಮರಿ. ಅಭ್ಯಾಸ ಮಾಡಬೇಕಂತ ತಂದೀನಿ."

ಹಾಗಾದರೆ ಹಾಲಿನ ವಾಸನೆ ಯಾಕೆ ಬರುತ್ತಿದೆ ಎಂದು ಯಾರೋ ಕೇಳಿದರು. ಹೊಸ ಇಂಜಿನ್ನಿಗೆ ಮೊದಲ ದಿನ ಹಾಲು ಸಕ್ಕರೆ ಕೊಟ್ಟು ಬಾಯಿ ಸಿಹಿ ಮಾಡಬೇಕು, ಅದು ಪದ್ಧತಿ ಎಂದು ರಾಯರು ಕಣ್ಣು ಮಿಟುಕಿಸದೆ ಹೇಳಿದರು. ಎಲ್ಲರೂ ತಲೆಯಾಡಿಸಿದರು. ಹೊಸ ಎತ್ತಿಗೆ, ಹೊಸ ಸೊಸೆಗೆ ಮಾಡುವುದನ್ನು ಇಂಜಿನ್ನಿಗೆ ಮಾಡಿದರೆ ತಪ್ಪೇನು ಎಂದು ಗುರುಲಿಂಗಯ್ಯನವರೂ ಒಪ್ಪಿದರು.

ಮರುದಿನ ಸಂಜೆ ಜನ ತಾವಾಗಿಯೇ ಬಂದರು. ಅದರ ಮರುದಿನವೂ ಬಂದರು. ಈಗ ಬರೀ ನೀರು ಹಾಕುವಷ್ಟು ಬುದ್ಧಿ ರಾಯರಿಗೆ ಬಂದಿತ್ತು. ಪಡಸಾಲೆಗೆ ಚಾಪೆ ಹಾಸಿದರು, ತಂಬಿಗೆ ತುಂಬಿ ನೀರಿಟ್ಟರು. ಗಣಿಯಿಂದ ಈಗ ಅವರು ಓಡೋಡಿ ಬರುತ್ತಿದ್ದರು. "ಬರ್ರಿ, ಕುಂದ್ರಿ, ಇನ್ನೇನ್ ಈಗ ಉಸಿರು ಹಿಡೀತದ" ಎಂದು ಬಾಗಿಲಲ್ಲಿ ನಿಂತು ಕರೆಯುತ್ತಿದ್ದರು. ಚಕ್ರ ತಿರುಗುವಷ್ಟು ಹೊತ್ತು ಜನ ಬಾಯಿ ಬಿಟ್ಟು ನೋಡುವರು, ಚಕ್ರ ನಿಂತಕೂಡಲೇ ಧೋತರ ಝಾಡಿಸಿಕೊಂಡು ಎದ್ದು ಹೋಗುವರು. ಹಾಗೆ ಅವರು ಏಳುವಾಗ ರಾಯರು ಬಾಗಿಲವರೆಗೂ ಹಿಂದೆ ಹಿಂದೆ ಹೋಗುತ್ತಿದ್ದರು. ಆದ್ದರಿಂದ ಇಂಜಿನ್ನಿನ ಹೊಟ್ಟೆಗೆ ಹಿಡಿಸುವಷ್ಟೂ ನೀರು ತುಂಬಿ, ದೀಪದ ಬತ್ತಿ ಸಣ್ಣದು ಮಾಡಿ, ಚಕ್ರ ಆದಷ್ಟು ಹೊತ್ತು ತಿರುಗುವ ಹಾಗೆ ನೋಡಿಕೊಳ್ಳುತ್ತಿದ್ದರು. ಇಂಜಿನ್ನಿನ ಅಭ್ಯಾಸ ಅವರು ಮಾಡಿದ್ದು ಇಷ್ಟೇ.

ಮೊದಲ ದಿನದ ಚಹಾ ಸುಮ್ಮನೆ ಬಿಡಲಿಲ್ಲ. ಒಂದು ಸಂಜೆ ಚಕ್ರ ಕಿರ್ ಅಂತು. ಮರುದಿನ ಉಗಿ ಬುಸುಬುಸು ಹೋಗುತ್ತಿದ್ದರೂ ಚಕ್ರ ಅರ್ಧ ಸುತ್ತು ಬಂದು ನಿಂತುಬಿಟ್ಟಿತು. ಜನ ಸ್ವಲ್ಪ ಹೊತ್ತು ಕಾದರು. ರಾಯರು ಬೆರಳಿನಿಂದ ಚಕ್ರ ನೂಕಿದರು, ಮುದ್ದು ಮಾಡಿದರು, ಕೊನೆಗೆ ಬೈದರು. ಯಾವುದಕ್ಕೂ ಅದು ಜಗ್ಗಲಿಲ್ಲ, ಜನ ಎದ್ದು ಹೋದರು.

ಆಗ ಬಾಬುಮಿಯಾ ಬಂದ. ವಾಡಿಯ ಇಂಜಿನ್ ಶೆಡ್ಡಿನಲ್ಲಿ ಫಿಟ್ಟರ್, ಶುಕ್ರವಾರ ಜುಮ್ಮಾದ ರಜೆಗೆ ಶಹಾಬಾದಿನ ಮನೆಗೆ ಬರುತ್ತಿದ್ದವನು. ಮಾತು ಜೋರು. ತಾನು ತಿರುಪು ಬಿಚ್ಚುವ ಒಂದು ಪಾನಾ ಹಿಡಿದು ನಿಂತರೆ ಮದರಾಸಿನ ಮೇಲ್‌ಗಾಡಿಯೂ ಸಲಾಮು ಹೊಡೆದು ಹೋಗುತ್ತದೆ ಎನ್ನುವವನು. ಅವನು ನಾಲ್ಕು ತಿರುಪು ಬಿಚ್ಚಿ, ಒಂದು ಸಣ್ಣ ಪೆಟ್ಟಿಗೆಯ ಮುಚ್ಚಳ ತೆಗೆದು, ಒಳಗಿನಿಂದ ಹುಣಸೆಬೀಜದಷ್ಟು ಹಿತ್ತಾಳೆಯ ತುಂಡೊಂದನ್ನು ಚಿಮಟಿಗೆಯಿಂದ ಎತ್ತಿದ. ಅದರ ಹೆಸರು ವಾಲ್. ಬಾಗಿಲ ಅಗುಳಿಯ ಹಾಗೆ ಆಚೆ ಈಚೆ ಸರಿಯುವುದೇ ಅದರ ಕೆಲಸ. ಆಚೆ ಸರಿದರೆ ಉಗಿ ಒಂದು ಕಂಡಿಯಿಂದ ನುಗ್ಗಿ ಚಕ್ರ ತಿರುಗಿಸುವ ದಟ್ಟೆಯನ್ನು, ಅಂದರೆ ಪಿಸ್ಟನ್ನನ್ನು, ಮುಂದೆ ತಳ್ಳುತ್ತದೆ, ಈಚೆ ಸರಿದರೆ ಇನ್ನೊಂದು ಕಂಡಿಯಿಂದ ನುಗ್ಗಿ ಹಿಂದೆ ತಳ್ಳುತ್ತದೆ. ಅದರ ಮುಖ ಕೆಳಗಿನ ಕಂಡಿಗಳ ಮೇಲೆ ಚೂರೂ ಸಂದಿಯಿಲ್ಲದೆ ಕೂರಬೇಕು. ಇಲ್ಲಿ ಸುಟ್ಟ ಸಕ್ಕರೆ ಮರಳಿನಂತಾಗಿ ಆ ಮುಖವನ್ನು ಗೀರಿ ಗೀರಿ ಸವೆಸಿತ್ತು. ಉಗಿ ಗೀರಿನಲ್ಲೇ ಸೋರಿಹೋಗುತ್ತಿತ್ತು. ಇದು ಹೋಯಿತು, ಮುಂಬಯಿಯಿಂದ ಹೊಸದು ತರಿಸಬೇಕು ಎಂದು ಬಾಬುಮಿಯಾ ತೀರ್ಪು ಕೊಟ್ಟ.

ರಾಯರು ಆ ತುಂಡನ್ನು ಅಂಗೈಯಲ್ಲಿಟ್ಟು ಸವರಿದರು. ಹತ್ತೊಂಬತ್ತು ವರ್ಷ ಕಲ್ಲು ಸವರಿದ ಕೈ. ಉಬ್ಬು ತಗ್ಗು ಅವರಿಗೆ ಗೊತ್ತಾಯಿತು. ಮನೆಯ ನೆಲದಲ್ಲೇ ಎಲ್ಲಕ್ಕಿಂತ ನುಣುಪಾದ ಒಂದು ಫರಸಿ ಇತ್ತು, ಶಿವಕಾಂತಮ್ಮ ದಿನಾ ಕುಳಿತು ಕುಳಿತು ನುಣುಪಾದದ್ದು. ಅದರ ಮೇಲೆ ನೀರು ಚಿಮುಕಿಸಿ, ಕಲ್ಲಿನ ನುಣ್ಣನೆಯ ಪುಡಿ ಉದುರಿಸಿ, ಆ ತುಂಡನ್ನು ಒಂದೇ ಬೆರಳಿನಿಂದ ಸುತ್ತಿ ಸುತ್ತಿ ಉಜ್ಜಿದರು. ಕಂಡಿಗಳ ಮುಖವನ್ನೂ ಕಲ್ಲಿನ ಚೂರಿನಿಂದ ಸಮ ಮಾಡಿದರು. ಬಾಬುಮಿಯಾ ಕೂಡಿಸಿ ನೋಡಿದ. ಉಗಿ ಸೋರಲಿಲ್ಲ. ಹೀಗಾಗುತ್ತದೆಂದು ತನಗೆ ಮೊದಲೇ ಗೊತ್ತಿತ್ತು ಎಂದು ಅವನೂ ಹೇಳಿದ.

ಹೋಗುವಾಗ ಬಾಬುಮಿಯಾ ಬಾಗಿಲಲ್ಲಿ ನಿಂತು ಹೇಳಿದ, "ರಾಯರ, ಇದಕ್ಕ ಚರಬಿ ಹಾಕ್ರಿ. ಬಿಸಿ ಉಗಿಯಾಗ ಬ್ಯಾರೆ ಎಣ್ಣಿ ನಿಲ್ಲಂಗಿಲ್ಲ, ತೊಳಕೊಂಡ ಹೋಗ್ತದ. ಒಣಾ ಓಡಿಸಿದ್ರ ಮತ್ತ ಸವೀತದ. ನಮ್ಮ ಶೆಡ್ಡಿನ್ಯಾಗೂ ಚರಬೀನೇ."

ಚರಬಿ ಅಂದರೆ ಪ್ರಾಣಿಯ ಕೊಬ್ಬು. ಆ ಶಬ್ದ ಕೇಳಿ ರಾಯರು ಅವನ ಬಾಯಿಗೆ ಕೈ ಅಡ್ಡ ಹಿಡಿಯುವುದೊಂದು ಬಾಕಿ. ಅದು ಲಿಂಗವಂತರ ಮನೆ. ಆ ಓಣಿಯಲ್ಲಿ ತತ್ತಿಯ ಹೆಸರು ಹೇಳಬೇಕಾದರೂ ಜನ ಅತ್ತಿತ್ತ ನೋಡುತ್ತಿದ್ದರು. ಸಾಲದ್ದಕ್ಕೆ ಅಂದೇ ಸಂಜೆ ತುಂಬಿದ ಪಡಸಾಲೆಯಲ್ಲಿ ಗುರುಲಿಂಗಯ್ಯನವರು, ಈ ಇಂಜಿನ್ ಏನು ಕುಡಿಯುತ್ತದೆ ಎಂದು ಕೇಳಿದರು. ಗಾಣದ ಶುದ್ಧ ಕುಸುಬಿ ಎಣ್ಣೆ ಬಿಟ್ಟರೆ ಬೇರೇನೂ ಇದು ಮುಟ್ಟುವುದಿಲ್ಲ ಎಂದು ರಾಯರು ಎದೆಯುಬ್ಬಿಸಿ ಹೇಳಿದರು. ಗುರುಲಿಂಗಯ್ಯನವರಿಗೆ ಸಂತೋಷ ಉಕ್ಕಿಬಂತು. ಮಡಿಯಾಗಿ ಬದುಕುವ ಇಂಜಿನ್ ನಿಜಾಮರ ಮುಲ್ಕಿನಲ್ಲಿ ಇದೊಂದೇ ಇರಬೇಕು ಎಂದು ಅವರು ಸಂಚಿಯಿಂದ ವಿಭೂತಿ ತೆಗೆದು ಆ ಹಿತ್ತಾಳೆಯ ಹೊಟ್ಟೆಗೆ ಮೂರು ಪಟ್ಟೆ ಎಳೆದೇಬಿಟ್ಟರು.

ಕುಸುಬಿ ಎಣ್ಣೆ ಒಂದು ಸಂಜೆಗೆ ಚೆನ್ನಾಗಿ ಕೆಲಸ ಮಾಡಿತು. ಮರುದಿನ ವಾಲ್ ಅಲ್ಲಾಡಲಿಲ್ಲ. ತೆಗೆದು ನೋಡಿದರೆ ಕಾದ ಎಣ್ಣೆ ಆರಿ, ಬಂಡಿಯ ಗಾಲಿಗೆ ಬಳಿಯುವ ರೋಗನ ಎಂಬ ಮೆರುಗೆಣ್ಣೆಯಂತೆ ಗಟ್ಟಿಯಾಗಿ ವಾಲನ್ನು ಕಂಡಿಗೇ ಅಂಟಿಸಿಬಿಟ್ಟಿತ್ತು. ಕುಸುಬಿ ಎಣ್ಣೆ ಕುದಿಸಿದರೆ ರೋಗನವಾಗುತ್ತದೆ ಎಂದು ಊರಿನ ಬಡಿಗನಿಗೆ ಗೊತ್ತಿತ್ತು, ಬಾಗಿಲಿಗೆ ಬಣ್ಣ ಹಚ್ಚುವವನಿಗೆ ಗೊತ್ತಿತ್ತು. ಹುಟ್ಟಿದಾಗಿನಿಂದ ಆ ಎಣ್ಣೆಯಲ್ಲೇ ಬಜಿ ತಿಂದ ರಾಯರಿಗೆ ಮಾತ್ರ ಹೊಳೆದಿರಲಿಲ್ಲ. ಕೆರೆದು ತೊಳೆದು ತುಪ್ಪ ಹಾಕಿದರು. ತುಪ್ಪ ನಾಲ್ಕು ಮಾತಾಡುವಷ್ಟರಲ್ಲಿ ತೊಳೆದುಹೋಯಿತು. ಓಣಿಯ ತುಂಬ ಮಾತ್ರ ಹೋಳಿಗೆಯ ದಿನದಂತೆ ಘಮಘಮ. ಒಬ್ಬನೇ ಬಾಗಿಲು ಹಾಕಿಕೊಂಡು ತುಪ್ಪದ ಊಟ ಮಾಡುತ್ತಾನೆ, ಒಂದು ಮಾತು ಬಾ ಅನ್ನಲಿಲ್ಲ ಎಂದು ಮಾಣಿಕಮ್ಮ ಬಾವಿಕಟ್ಟೆಯಲ್ಲಿ ಬೇಸರ ಮಾಡಿಕೊಂಡಳು. ಔಡಲ ಎಣ್ಣೆ ಹಾಕಿದರೆ ಹೊಗೆಯೆದ್ದು ಕುಳಿತವರೆಲ್ಲ ಕೆಮ್ಮುತ್ತ ಎದ್ದು ಹೋದರು. ಪ್ರತಿ ಸಲವೂ ವಾಲ್ ಒಣಗಿ ಉಜ್ಜಿ ಸವೆಯುವುದು, ರಾಯರು ಅದನ್ನು ಮತ್ತೆ ಫರಸಿಯ ಮೇಲೆ ಉಜ್ಜುವುದು. ತುಂಡು ದಿನದಿನಕ್ಕೆ ತೆಳ್ಳಗಾಗುತ್ತಿತ್ತು.

ಜನವೂ ತೆಳ್ಳಗಾದರು. ಅದೇ ಹೊತ್ತಿಗೆ ಎಣ್ಣೆ ಅಂಗಡಿಯವರ ಮನೆಗೆ ಗ್ರಾಮಫೋನ್ ಬಂದಿತ್ತು. ಅದು ಕೆಡುವುದಿಲ್ಲ, ಕೀಲಿ ಕೊಟ್ಟರೆ ಹಾಡುತ್ತದೆ. ಮೊದಲು ಹಿಂದಿನ ಚಾಪೆ ಖಾಲಿಯಾಯಿತು, ಆಮೇಲೆ ಮುಂದಿನದು. ಒಂದು ಸಂಜೆ ರಾಯರು ಬಾಗಿಲಲ್ಲಿ ನಿಂತು ಕರೆಯುವಾಗ ಎದುರು ಹೋಗುತ್ತಿದ್ದವರು, ಬರುತ್ತೇವೆ ಬರುತ್ತೇವೆ ಎನ್ನುತ್ತ ಹಾಡು ಕೇಳಿಬರುತ್ತಿದ್ದ ಕಡೆಗೇ ನಡೆದುಹೋದರು. ರಾಯರು ಹಾಸಿದ ಚಾಪೆಗಳನ್ನು ಸುತ್ತಿಟ್ಟರು. ಶಿವಕಾಂತಮ್ಮ ಹೋದಾಗ ಅವರು ಅತ್ತಿರಲಿಲ್ಲ, ಮಾಡಬೇಕಾದ ಕೆಲಸ ಬಹಳ ಇತ್ತು. ಅಂದು ಚಾಪೆ ಸುತ್ತುವಾಗ ಅಳು ಬಂತು.

ಮರುದಿನ ರಾಯರು ಕಟುಕರ ಖಾಜಾನ ಅಂಗಡಿಯ ಹಿಂಬದಿಗೆ ಹೋಗಿ ನಿಂತರು. ಖಾಜಾ ಸಜ್ಜನ. ಈ ಮನುಷ್ಯ ದಾರಿ ತಪ್ಪಿ ಬಂದಿರಬೇಕೆಂದು ಸ್ಟೇಷನ್ನಿನ ದಾರಿ ತೋರಿಸಿದ. ಚರಬಿ ಬೇಕು ಎಂದಾಗ, ಮೊಣಕಾಲು ನೋವಿಗೇ ಎಂದು ಕೇಳಿದ. ರಾಯರು ತಲೆಯನ್ನು ಹೌದಿಗೂ ಅಲ್ಲಕ್ಕೂ ನಡುವೆ ಆಡಿಸಿದರು. ಮುತ್ತಲ ಎಲೆಯಲ್ಲಿ ಕಟ್ಟಿದ ಪೊಟ್ಟಣವನ್ನು ಮಡಚಿದ ಕೊಡೆಯೊಳಗೆ ಇಳಿಬಿಟ್ಟು, ಕೊಡೆಯನ್ನು ಬಿಂದಿಗೆಯಂತೆ ನೆಟ್ಟಗೆ ಎತ್ತಿ ಹಿಡಿದು ಮನೆಯ ದಾರಿ ಹಿಡಿದರು. ಉರಿಬಿಸಿಲಿನ ಬೇಸಿಗೆ, ಆಕಾಶದಲ್ಲಿ ಹೆಸರಿಗೂ ಮೋಡವಿಲ್ಲ. ಎದುರಿಗೆ ಬಂದ ಮಾಣಿಕಮ್ಮ ನಿಂತು ಪೂರ್ತಿ ನೋಡಿದಳು. ಖಾಜಾನ ಓಣಿಯಿಂದ ಬರುತ್ತಿದ್ದಾನೆ, ಕೊಡೆಯ ಬುಡದಿಂದ ಏನೋ ತೊಟ್ಟಿಕ್ಕುತ್ತಿದೆ, ಮಾತಾಡಿಸಿದರೆ ಮುಖ ತಿರುಗಿಸುತ್ತಾನೆ. ಅಂದು ಸಂಜೆ ರಾಯರ ಬಾಗಿಲು ಒಳಗಿನಿಂದ ಹಾಕಿಕೊಂಡಿತು. ಸಂದಿಯಿಂದ ಹೊರಬಂದ ವಾಸನೆ ತುಪ್ಪದ್ದಾಗಿರಲಿಲ್ಲ.

ಮಾಣಿಕಮ್ಮ ಕಂಡದ್ದು ಒಂದು ಪೊಟ್ಟಣ. ಬಾವಿಕಟ್ಟೆಗೆ ಹೋಗುವಷ್ಟರಲ್ಲಿ ಅದು ಒಂದು ಕಾಲಾಯಿತು. ಬಜಾರಿಗೆ ಹೋಗುವಷ್ಟರಲ್ಲಿ ನಾಲ್ಕು ಕಾಲೂ ಆಗಿ, ಕುರಿ ತಾನೇ ನಡೆದು ರಾಯರ ಹಿತ್ತಲಿನಿಂದ ಒಳಗೆ ಹೋಯಿತು. ಅದು ಒಳಗೆ ಕೂಗಿದ್ದನ್ನು ಕೇಳಿದವರೂ ಇದ್ದರು, ಅವರು ಕೇಳಿದ್ದು ಇಂಜಿನ್ನಿನ ಶೀಟಿ. ಖಾನಾವಳಿಯವರು ರಾಯರಿಗೆ ಮೂಲೆಯಲ್ಲಿ ಬೇರೆ ಮಣೆ ಹಾಕಿದರು. ಕಲ್ಲಿನ ವ್ಯಾಪಾರಿ ಮಾತಾಡುವಾಗ ನಾಲ್ಕು ಮಾರು ದೂರ ನಿಂತರು. ಸುದ್ದಿ ಚಿಂಚೋಳಿ ಕಡೆಯ ಬಂಡಿ ಹತ್ತಿ ಸುಲೇಪೇಟೆಗೂ ಹೋಯಿತು. ಶಿವಕಾಂತಮ್ಮನ ತಮ್ಮ ಶರಣಬಸಪ್ಪ ಅಲ್ಲಿಂದ ಅಳುತ್ತಲೇ ಹೊರಟು, ಅಳುತ್ತಲೇ ಬಂದು ಇಳಿದ. ಅಕ್ಕ ಸತ್ತಾಗಲೂ ಅವನು ಅಷ್ಟು ಬೇಗ ಬಂದಿರಲಿಲ್ಲ.

ರಾಯರ ಮನೆಯ ಮುಂದಿನ ಬೇವಿನ ಕಟ್ಟೆಯ ಮೇಲೆ ಪಂಚಾಯಿತಿ ಕೂಡಿತು. ನಡುವೆ ಗುರುಲಿಂಗಯ್ಯನವರು, ಪಕ್ಕದಲ್ಲಿ ಶರಣಬಸಪ್ಪ, ಸುತ್ತಲೂ ಓಣಿ. ರಾಯರು ಎದುರಿಗೆ ನಿಂತರು. ಇಷ್ಟು ಜನ ತಮಗಾಗಿಯೇ ಬಂದಿದ್ದಾರಲ್ಲ ಎಂದು ಅಂಥ ಹೊತ್ತಿನಲ್ಲೂ ಅವರ ಮನಸ್ಸಿಗೆ ಒಂದು ನೆಮ್ಮದಿ ಆಯಿತು ಅಂದರೆ ನೀವು ನಂಬಬೇಕು.

"ಮಾವ, ನಮ್ಮ ಅಕ್ಕನ ಒಲಿಮ್ಯಾಲ ಏನ್ ಬೇಯಿಸಿದ್ರಿ, ಖರೇ ಹೇಳ್ರಿ" ಎಂದ ಶರಣಬಸಪ್ಪ.

"ಒಲಿಮ್ಯಾಲ ಏನೂ ಇಲ್ಲಪಾ. ದೀಪದ ಮ್ಯಾಲ ಚಮಚದಾಗ ಕರಗಿಸೀನಿ. ಚರಬಿ."

"ತಿಂದ್ರಾ?"

"ನಾ ಯಾಕ ತಿನ್ಲಿ. ಇಂಜಿನ್ನಿಗೆ ಹಾಕೀನಿ."

ಶರಣಬಸಪ್ಪ ಅಳು ನಿಲ್ಲಿಸಿ ಸುತ್ತ ನೋಡಿದ. ತಿಂದಿದ್ದರೆ ದಾರಿ ಇತ್ತು. ಒಂದು ಉಪವಾಸ, ಒಂದಿಷ್ಟು ಪಾದೋದಕ, ನಾಲ್ಕು ಮಂದಿ ಜಂಗಮರಿಗೆ ಊಟ, ಅಲ್ಲಿಗೆ ಮನುಷ್ಯ ಶುದ್ಧನಾಗುತ್ತಿದ್ದ. ತಿನ್ನಲಿಲ್ಲ ಎನ್ನುವವನನ್ನು ಶುದ್ಧ ಮಾಡುವುದು ಹೇಗೆ? ಅದಕ್ಕಿಂತ ದೊಡ್ಡ ತೊಡಕು ಗುರುಲಿಂಗಯ್ಯನವರದು. ಚರಬಿ ಕುಡಿದ ಆ ಹೊಟ್ಟೆಯ ಮೇಲೆ ವಿಭೂತಿ ಎಳೆದ ಕೈ ಅವರದೇ. ಅವರು ಆ ಕೈಯನ್ನು ಶಲ್ಯದೊಳಗೆ ಸೇರಿಸಿಕೊಂಡರು. ಕುಸುಬಿ ಎಣ್ಣೆ ಅಂತ ಹೇಳಿದ್ದು ಸುಳ್ಳೇ ಎಂದು ಬಹಳ ಮೆಲ್ಲಗೆ ಕೇಳಿದರು. ಅಂದು ಸುಳ್ಳಾಗಿರಲಿಲ್ಲ, ಆಮೇಲೆ ಆಯಿತು ಎಂದು ರಾಯರು ಹೇಳಿದರು. ಕುಸುಬಿ ಗಟ್ಟಿಯಾದದ್ದು, ತುಪ್ಪ ತೊಳೆದುಹೋದದ್ದು, ವಾಲ್ ಸವೆದದ್ದು ಎಲ್ಲ ಹೇಳಿದರು. ಮೊದಲ ದಿನದ ಚಹಾದ ವಿಷಯವನ್ನೂ ಹೇಳಿಬಿಟ್ಟರು. ಯಾರೂ ನಗಲಿಲ್ಲ.

"ಯಾಕಪಾ ತಮ್ಮಾ, ಅಷ್ಟು ತ್ರಾಸ ಯಾಕ ತಗೊಂಡಿ. ನಿಂತ್ರ ನಿಂದರ್ತದ, ಹಿತ್ತಾಳಿ ಸಾಮಾನು" ಎಂದಳು ಮಾಣಿಕಮ್ಮ.

"ಅದು ನಿಂತ್ರ ನೀವು ಬರಂಗಿಲ್ಲಲ್ಲ" ಎಂದರು ರಾಯರು.

ಉತ್ತರ ಇಲ್ಲದಾಗ ಪಂಚಾಯಿತಿಗಳು ಬೇಗ ತೀರ್ಪು ಕೊಡುತ್ತವೆ. ಬದಿಯಲ್ಲಿ ನಿಂತಿದ್ದ ಬಾಬುಮಿಯಾ, ಕಲಬುರಗಿಗೆ ನೀವು ಹತ್ತಿಹೋಗುವ ಗಾಡಿಯ ಇಂಜಿನ್ನೂ ಚರಬಿಯನ್ನೇ ಕುಡಿಯುತ್ತದೆ, ಅದಕ್ಕೇನು ಹೇಳುತ್ತೀರಿ ಎಂದು ಕೂಗಿದ. ಗುರುಲಿಂಗಯ್ಯನವರು ಹಣೆ ಸವರಿಕೊಂಡು ವಿಚಾರ ಮಾಡಿದರು. ನಾವು ಇಂಜಿನ್ನಿನಲ್ಲಿ ಕೂರುವುದಿಲ್ಲ, ಹಿಂದಿನ ಡಬ್ಬಿಯಲ್ಲಿ ಕೂರುತ್ತೇವೆ, ಆದ್ದರಿಂದ ಅದು ನಮಗೆ ಹತ್ತುವುದಿಲ್ಲ ಎಂದರು. ಇಲ್ಲಿ ಮನೆಯೊಳಗೇ ಚರಬಿ ಇದೆ. ಅದು ಇರುವವರೆಗೆ ಲಿಂಗವಂತರು ಯಾರೂ ರಾಯರ ಹೊಸ್ತಿಲು ದಾಟಕೂಡದು. ಪಂಚಾಯಿತಿ ಎದ್ದಿತು. ಶರಣಬಸಪ್ಪ ನೀರೂ ಕುಡಿಯದೆ ಸುಲೇಪೇಟೆಗೆ ಹೊರಟ.

ರಾಯರು ಚರಬಿಯನ್ನು ಬಾಬುಮಿಯಾನ ಮನೆಯಲ್ಲಿಟ್ಟರು. ಇಂಜಿನ್ನನ್ನು ಬೂದಿ ಹಾಕಿ ತಿಕ್ಕಿ ತೊಳೆದು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು. ಮನೆ ಸಾರಿಸಿದರು. ಇನ್ನು ಯಾರು ಬೇಕಾದರೂ ಬರಬಹುದಿತ್ತು. ಆ ವಾರ ಸಂಜೆ ಸಂಜೆ ಬಾಗಿಲು ತೆರೆದಿಟ್ಟು ಕುಳಿತರು. ಯಾರೂ ಬರಲಿಲ್ಲ. ಸಿಟ್ಟಿನಿಂದ ಅಲ್ಲ, ಬಂದು ನೋಡುವಂಥದ್ದು ಆ ಮನೆಯಲ್ಲಿ ಏನೂ ಇರಲಿಲ್ಲ, ಅಷ್ಟೇ. ದಾರಿಯಲ್ಲಿ ಸಿಕ್ಕವರು ಚೆನ್ನಾಗಿಯೇ ಮಾತಾಡಿಸಿ ಮುಂದೆ ಹೋಗುತ್ತಿದ್ದರು. ಚರಬಿ ಹಾಕಿದರೆ ಜನ ಬರುವಂತಿಲ್ಲ, ಹಾಕದಿದ್ದರೆ ಬರುವುದಿಲ್ಲ.

ಕೊನೆಗೆ ಒಂದು ಸಂಜೆ ರಾಯರು ಬಾಬುಮಿಯಾನಿಂದ ಪೊಟ್ಟಣ ಇಸಕೊಂಡು ಬಂದು, ಇಂಜಿನ್ನನ್ನು ಪೆಟ್ಟಿಗೆಯಿಂದ ತೆಗೆದರು. ಊರೇ ತನ್ನನ್ನು ಬಿಟ್ಟಮೇಲೆ ತನಗಾಗಿ ಒಮ್ಮೆ ಓಡಿಸಿಕೊಂಡರೆ ಯಾರು ಕೇಳುತ್ತಾರೆ ಎಂದುಕೊಂಡರು. ವಾಲನ್ನು ಕೊನೆಯ ಸಲ ಫರಸಿಯ ಮೇಲೆ ಉಜ್ಜಿದರು. ಇನ್ನೊಂದು ಸಲ ಉಜ್ಜಿದರೆ ಹರಿದೇಹೋಗುವಷ್ಟು ಅದು ತೆಳ್ಳಗಾಗಿತ್ತು. ಚರಬಿ ಕರಗಿಸಿ ವಾಲಿನ ಸಣ್ಣ ಪೆಟ್ಟಿಗೆಯೊಳಗೆ ಬಿಟ್ಟು ಮುಚ್ಚಿದರು. ಸೆಕೆಗೆಂದು ಕಿಟಕಿ ತೆರೆದು ದೀಪ ಹಚ್ಚಿದರು.

ಅಂದು ಅದು ಓಡಿದಂತೆ ಎಂದೂ ಓಡಿರಲಿಲ್ಲ. ಕಿರ್ ಇಲ್ಲ, ಬುಸ್ ಇಲ್ಲ. ವಾಲ್ ಆಚೆ ಈಚೆ ಸರಿಯುವ ಟಿಕ್ ಟಿಕ್ ಮಾತ್ರ ಒಂದೇ ಸಮನೆ ಕೇಳುತ್ತಿತ್ತು. ರಾಯರು ಸಂತೋಷದಿಂದ ತಲೆಯೆತ್ತಿ ನೋಡಿದರು, ತೋರಿಸಲಿಕ್ಕೆ ಯಾರೂ ಇರಲಿಲ್ಲ. ಖಾಲಿ ಪಡಸಾಲೆ. ತಾವು ಕೂಡ ಒಂದು ದಿನ ಇಲ್ಲೇ ಹೀಗೆಯೇ ಹೋಗಿಬಿಡುತ್ತೇವೆ, ಮೂರು ದಿನವಾದರೂ ಯಾರಿಗೂ ಗೊತ್ತಾಗುವುದಿಲ್ಲ ಎಂದು ಅನಿಸಿ ಅವರಿಗೆ ಹೆದರಿಕೆಯಾಯಿತು.

ಕಿಟಕಿಯ ಹತ್ತಿರ ಯಾರೋ ಕೆಮ್ಮಿದರು. ನೋಡಿದರೆ ಸರಳುಗಳ ಆಚೆ ಗುರುಲಿಂಗಯ್ಯನವರು.

"ಒಳಗ ಬರಂಗಿಲ್ರಿ ನಾವು. ಡಬ್ಬಿನ್ಯಾಗ ಕುಂತೀವಿ. ನೀವು ಓಡಸ್ರಿ."

ಗ್ರಾಮಫೋನ್ ಹಾಡಿದ್ದನ್ನೇ ಹಾಡುತ್ತದೆ, ಬೇಸರ ಬಂತು ಎಂದೂ ಅವರು ಹೇಳಿದರು. ಅವರು ಹೇಳಿದ ಡಬ್ಬಿ ಎಂದರೆ ಕಿಟಕಿಯ ಹೊರಗಿದ್ದ ಉದ್ದನೆಯ ಕಲ್ಲುಕಟ್ಟೆ. ಹೊಸ್ತಿಲು ದಾಟಿದರಲ್ಲವೇ ದೋಷ, ಕಣ್ಣಿಗೆ ಹೊಸ್ತಿಲು ಎಲ್ಲಿಯದು? ಈ ತೀರ್ಪನ್ನು ಅವರು ಹೊರಗೆ ಯಾರಿಗೋ ಹೇಳಿದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಮಾಣಿಕಮ್ಮ ತನ್ನ ಚಾಪೆ ತಾನೇ ತಂದು ಹಾಸಿಕೊಂಡಳು. ಇನ್ನೂ ಕೆಲವರು ಬಂದರು. ಬಾಬುಮಿಯಾನಿಗೆ ಹೊಸ್ತಿಲಿನ ತಡೆ ಇರಲಿಲ್ಲ, ಬೇಕಾದರೆ ಒಳಗೆ ಬರಬಹುದಿತ್ತು. ಎಲ್ಲರೂ ಹೊರಗಿದ್ದಾರೆಂದು ಅವನೂ ಹೊರಗೇ ಕುಳಿತ. ಕಿಟಕಿಯ ತುಂಬ ಮುಖಗಳು.

ಒಳಗೆ ರಾಯರು, ಇಂಜಿನ್, ಇಷ್ಟೇ. ಅವರು ಸ್ವಲ್ಪ ಹೊತ್ತು ಚಕ್ರ ನೋಡಿದರು, ಸ್ವಲ್ಪ ಹೊತ್ತು ಕಿಟಕಿ ನೋಡಿದರು. ಇಂಜಿನ್ನಿನ ಹತ್ತಿರ ಒಬ್ಬರು ಇರಲೇಬೇಕು, ಬತ್ತಿ ನೋಡಬೇಕು, ನೀರು ನೋಡಬೇಕು. ಬಿಟ್ಟು ಎದ್ದರೆ ಅದು ಎಷ್ಟು ಹೊತ್ತು ಓಡೀತು ಎಂದು ಹೇಳುವಂತಿರಲಿಲ್ಲ. ರಾಯರು ಎದ್ದರು. ಬಾಗಿಲು ದಾಟಿ, ಮನೆಯನ್ನು ಸುತ್ತಿಬಂದು, ಕಟ್ಟೆಯ ಹತ್ತಿರ ನಿಂತರು. ಮಾಣಿಕಮ್ಮ ಚಾಪೆಯಲ್ಲಿ ಪಕ್ಕಕ್ಕೆ ಸರಿದಳು. ಅವರು ಕುಳಿತು ತಮ್ಮದೇ ಮನೆಯೊಳಗೆ ಇಣುಕಿ ನೋಡಿದರು. ಒಬ್ಬ ಮನುಷ್ಯನಿಗೆ ಅದು ಬಹಳ ದೊಡ್ಡ ಮನೆ ಎನಿಸಿತು.

ಚಕ್ರ ಮೆಲ್ಲಗಾಯಿತು. ಒಳಗೆ ನೀರು ತೀರಿರಬೇಕು, ಇಲ್ಲವೇ ಆ ತೆಳ್ಳನೆಯ ವಾಲ್ ಹರಿದಿರಬೇಕು. ಮೂರು ಸಲ ತೂಗಾಡಿ ನಿಂತುಬಿಟ್ಟಿತು. ಇನ್ನು ಧೋತರ ಝಾಡಿಸುವ ಸಪ್ಪಳ ಬರುತ್ತದೆ ಎಂದು ರಾಯರು ತಲೆ ತಗ್ಗಿಸಿ ಕಾದರು. ಬಾಬುಮಿಯಾ ವಾಡಿಯಲ್ಲಿ ಹಳಿ ತಪ್ಪಿದ ಒಂದು ಗಾಡಿಯ ಕಥೆ ಶುರುಮಾಡಿದ್ದ. ಗುರುಲಿಂಗಯ್ಯನವರು ಅದು ಸುಳ್ಳು ಎನ್ನುತ್ತಿದ್ದರು. ಮಾಣಿಕಮ್ಮನಿಗೆ ಸೇಡಮ್ಮಿನಲ್ಲಿದ್ದ ಮಗಳ ಚಿಂತೆ. ಆ ಕತ್ತಲಲ್ಲಿ ಇಂಜಿನ್ ನಿಂತದ್ದು ಯಾರ ಗಮನಕ್ಕೂ ಬಂದಂತೆ ಕಾಣಲಿಲ್ಲ. ಹೇಳದೆ ಬಿಟ್ಟರೆ ಮೋಸವಾದೀತು ಎಂದು ರಾಯರು ಮೊಣಕಾಲಿಗೆ ಕೈಕೊಟ್ಟು ಎದ್ದರು.

"ನಿಂತದರಿ" ಎಂದರು.

"ಗೊತ್ತದ ಕುಂದ್ರು ತಮ್ಮಾ" ಎಂದಳು ಮಾಣಿಕಮ್ಮ.

ರಾಯರು ಕುಳಿತರು.